ಹಿತ್ತಲಿನ ಶೆಡ್ಡಿಗೆ ಕರೆಂಟ್ ಎಳೆಸುವವರು ಇದನ್ನೊಮ್ಮೆ ಓದಿ

ಮನೆಗೆ ತ್ರೀ ಫೇಸ್ ಹಾಕಿಸಿ, ಅದರ ಜೊತೆಗೇ ಹಿತ್ತಲಿನ ಕಾರ್ ಶೆಡ್ಡಿಗೂ ಒಂದು ಲೈನ್ ಎಳೆಸೋಣ ಅಂತ ಇರುವವರಿಗೆ ಈ ಬರಹ. ನಮ್ಮ ಶೆಡ್ಡಿನ ರೋಲಿಂಗ್ ಶಟರ್‌ಗೆ ಕರೆಂಟ್ ಬಂದು ಅಮ್ಮನಿಗೆ ಶಾಕ್ ಹೊಡೆಯಿತು. ಜೀವ ಉಳಿಯಿತು, ಬಿದ್ದ ರಭಸಕ್ಕೆ ಮಣಿಕಟ್ಟು ಮುರಿಯಿತು. ಮನೆಯಲ್ಲಿ ಹೊಸ ಎಂಸಿಬಿ (ಲೋಡ್ ಮಿತಿಮೀರಿದರೆ ಕರೆಂಟ್ ಕಟ್ ಮಾಡುವ ಸ್ವಿಚ್) ಇತ್ತು, ಆರ್‌ಸಿಸಿಬಿ (ಕರೆಂಟ್ ಎಲ್ಲಾದರೂ ಸೋರಿದರೆ ಕಟ್ ಮಾಡುವ ಸ್ವಿಚ್) ಇತ್ತು, ಅರ್ಥಿಂಗ್ ಗುಂಡಿಯೂ ಇತ್ತು. ಆದರೂ ಒಂದು ಸ್ವಿಚ್ಚೂ ಟ್ರಿಪ್ ಆಗಲಿಲ್ಲ, ಅಂದ್ರೆ ತಾನಾಗೇ ಬಿದ್ದು ಕರೆಂಟ್ ಕಟ್ ಮಾಡಲಿಲ್ಲ. ಯಾಕೆ ಆಗಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತಾಗಲೇಬೇಕು.

ನಮ್ಮದು ತೀರ್ಥಹಳ್ಳಿ ಕಡೆ. ಹಳೇ ಸಿಂಗಲ್ ಫೇಸ್ ಕನೆಕ್ಷನ್ ಇತ್ತು. ಎಲೆಕ್ಟ್ರಿಕ್ ಕಾರ್ ತಗೊಂಡ ಮೇಲೆ ಲೋಡ್ ಜಾಸ್ತಿ ಮಾಡಿಸಲೇಬೇಕಾಯಿತು. ಮನೆಗೆ ಹಾಕೋ 7 ಕಿಲೋವ್ಯಾಟ್ ಚಾರ್ಜರ್ ಅಂದ್ರೆ ಹೆಚ್ಚುಕಡಿಮೆ 32 ಆಂಪಿಯರ್, ಅದೂ ರಾತ್ರಿಯಿಡೀ. ಪರವಾನಗಿ ಇರುವ ಕಂಟ್ರಾಕ್ಟರ್ ಅಂತಲೇ ಕೆಲಸ ಕೊಟ್ಟೆವು. ಅರ್ಜಿ, ಡೆಪಾಸಿಟ್, ಹೊಸ ಮೀಟರ್ ಎಲ್ಲ ಸರಿಯಾಗೇ ಆಯಿತು. ಆದರೆ ಅರ್ಜಿಗೆ ಸಹಿ ಹಾಕಿದವರು ಒಬ್ಬರು, ಬಂದು ವೈರಿಂಗ್ ಮಾಡಿದವರು ಇನ್ಯಾರೋ ಹುಡುಗರು. ಮೀಟರ್ ತನಕದ ಕೆಲಸವನ್ನು ಲೈನ್‌ಮನ್ ನೋಡುತ್ತಾರೆ. ಮೀಟರಿನಿಂದ ಈಚೆ, ಅದರಲ್ಲೂ ಹಿತ್ತಲಿನ ಶೆಡ್ಡಿನ ತನಕ ಏನಾಗಿದೆ ಅಂತ ನಮ್ಮಲ್ಲಿ ಯಾರೂ ಬಂದು ನೋಡಲಿಲ್ಲ.

ಶೆಡ್ ಮನೆಯಿಂದ ಸುಮಾರು ನೂರು ಅಡಿ ದೂರ. ಅಲ್ಲಿಗೆ ಅವರು ಎಳೆದದ್ದು ಎರಡೇ ವೈರ್, ಫೇಸ್ (ಕರೆಂಟ್ ಬರುವ ವೈರ್) ಮತ್ತು ನ್ಯೂಟ್ರಲ್ (ಅದು ವಾಪಸ್ ಹೋಗುವ ವೈರ್). ಸೋರಿದ ಕರೆಂಟನ್ನು ಸಾಗಿಸುವ ಮೂರನೇ ವೈರ್, ಅಂದ್ರೆ ಅರ್ಥ್ ವೈರ್, ಮನೆಯಿಂದ ತಂದಿರಲಿಲ್ಲ. ಅದರ ಬದಲು ಶೆಡ್ಡಿನ ಹಿಂದೆ ಒಂದು ಜಿಐ ಪೈಪಿನ ತುಂಡನ್ನು ನೆಲಕ್ಕೆ ಹೊಡೆದು, ಶೆಡ್ಡಿನ ಬೋರ್ಡಿನಿಂದ ಮತ್ತು ಕಬ್ಬಿಣದ ಚೌಕಟ್ಟಿನಿಂದ ಅದಕ್ಕೆ ವೈರ್ ಸುತ್ತಿದ್ದರು. "ಇಲ್ಲೇ ಅರ್ಥಿಂಗ್ ಕೊಟ್ಟಿದ್ದೀವಿ ಸಾರ್, ಇನ್ನೂ ಒಳ್ಳೇದು" ಅಂದಿದ್ದರು. ಶೆಡ್ಡಿನ ಟ್ಯೂಬ್‌ಲೈಟ್‌ಗೆ ಬೇರೆ ಸಣ್ಣ ಎಂಸಿಬಿ ಇರಲಿಲ್ಲ, ಚಾರ್ಜರಿನ 40 ಆಂಪಿಯರ್ ಎಂಸಿಬಿಯೇ ಅದಕ್ಕೂ.

ಮಳೆಗಾಲ ಶುರುವಾದ ಕೂಡಲೇ ಮನೆಯ ಆರ್‌ಸಿಸಿಬಿ ಬೀಳತೊಡಗಿತು. ಮಳೆ ಜೋರಾದರೆ ಬೀಳುವುದು, ಬಿಸಿಲು ಬಂದರೆ ನಿಲ್ಲುವುದು. ಕಂಟ್ರಾಕ್ಟರ್‌ಗೆ ಫೋನ್ ಮಾಡಿದೆವು. ಒಬ್ಬ ಹುಡುಗ ಬಂದು ಮೇನ್ ಬೋರ್ಡ್ ಬಿಚ್ಚಿ ಏನೋ ಮಾಡಿದ, "ಆರ್‌ಸಿಸಿಬಿ ವೀಕ್ ಇತ್ತು, ಸರಿ ಮಾಡಿದ್ದೀನಿ" ಅಂದ, ದುಡ್ಡು ತಗೊಂಡು ಹೋದ. ಆಮೇಲೆ ಅದು ಬೀಳಲೇ ಇಲ್ಲ.

ಅವನು ಮಾಡಿದ್ದು ಏನು ಗೊತ್ತಾ? ಶೆಡ್ಡಿನ ಲೈನನ್ನು ಆರ್‌ಸಿಸಿಬಿಯ ಕೆಳಗಿನಿಂದ ಬಿಚ್ಚಿ, ಅದರ ಮೇಲಿನಿಂದ ನೇರ ಕೊಟ್ಟಿದ್ದ. ಅಂದ್ರೆ ಶೆಡ್ಡಿನ ಕರೆಂಟ್ ಆರ್‌ಸಿಸಿಬಿ ಮೂಲಕ ಹೋಗುತ್ತಲೇ ಇರಲಿಲ್ಲ. ಬೋರ್ಡಿನ ಮುಚ್ಚಳ ಹಾಕಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ. ಆರ್‌ಸಿಸಿಬಿ ಕೆಟ್ಟಿರಲಿಲ್ಲ. ಎಲ್ಲೋ ಕರೆಂಟ್ ಸೋರುತ್ತಿದೆ ಅಂತ ಅದು ದಿನಾ ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಿ ಹೋದರು.

ಅಮ್ಮ ಆ ಸಂಜೆ ಸೌದೆ ತರಲು ಶೆಡ್ಡಿಗೆ ಹೋಗಿದ್ದರು. ಜಡಿಮಳೆ, ಬರಿಗಾಲು, ಒದ್ದೆ ಕೈ. ಶಟರಿನ ಹಿಡಿಗೆ ಕೈ ಹಾಕಿದ್ದೇ ತಡ, ಎತ್ತಿ ಎಸೆದ ಹಾಗೆ ಹಿಂದಕ್ಕೆ ಬಿದ್ದರು. ಹಾಗೆ ಬಿದ್ದದ್ದಕ್ಕೇ ಬದುಕಿದರು. ಬೆರಳು ಬಿಗಿದುಕೊಂಡು ಹಿಡಿ ಕಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಆಗುವುದಿಲ್ಲ.

ಪಕ್ಕದ ಮನೆಯ ನಿವೃತ್ತ ಲೈನ್‌ಮನ್ ಓಡಿ ಬಂದು ಮೇನ್ ಆಫ್ ಮಾಡಿದರು, ಮಾರನೇ ದಿನ ಅವರೇ ಕೂತು ಹುಡುಕಿಕೊಟ್ಟರು. ಛಾವಣಿಯ ಶೀಟಿಗೆ ಹೊಡೆದ ಒಂದು ಸ್ಕ್ರೂ ಕೆಳಗೆ ಹೋಗುತ್ತಿದ್ದ ಟ್ಯೂಬ್‌ಲೈಟ್ ವೈರನ್ನು ಚುಚ್ಚಿತ್ತು. ಸ್ಕ್ರೂವಿನ ತುದಿಯಲ್ಲಿ ಕೆಂಪು ಪ್ಲಾಸ್ಟಿಕ್ ಕರಗಿ ಕಪ್ಪಗೆ ಅಂಟಿಕೊಂಡಿತ್ತು. ಮಳೆ ನೀರು ಇಳಿದಾಗಲೆಲ್ಲ ಫೇಸ್ ಸ್ಕ್ರೂವಿಗೆ, ಅಲ್ಲಿಂದ ಕಬ್ಬಿಣದ ಚೌಕಟ್ಟಿಗೆ, ಅಲ್ಲಿಂದ ಶಟರಿಗೆ.

ಹಾಗಾದರೆ ಎಂಸಿಬಿ ಯಾಕೆ ಬೀಳಲಿಲ್ಲ? ಲೆಕ್ಕ ಸುಲಭ ಇದೆ. ಆ ಪೈಪಿನ ತುಂಡಿಗೆ ಅರ್ಥ್ ಟೆಸ್ಟರ್ ಹಿಡಿದಾಗ 38 ಓಮ್ ತೋರಿಸಿತು, ಅಂದ್ರೆ ಕರೆಂಟ್ ಮಣ್ಣಿಗೆ ಇಳಿಯಲು ಅಷ್ಟು ತಡೆ ಇತ್ತು. 230 ವೋಲ್ಟನ್ನು 38ರಿಂದ ಭಾಗಿಸಿದರೆ 6 ಆಂಪಿಯರ್. ಒಂದು ಗೀಸರ್ ಎಳೆಯುವುದಕ್ಕಿಂತಲೂ ಕಡಿಮೆ! 40 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಅಷ್ಟೂ ಹೊತ್ತು ಶಟರ್ ಮೇಲೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ನಿಂತಿತ್ತು. ಎಂಸಿಬಿ ಇರುವುದು ವೈರ್ ಸುಡದ ಹಾಗೆ ನೋಡಿಕೊಳ್ಳಲು, ಮನುಷ್ಯರನ್ನು ಕಾಯಲು ಅಲ್ಲ. ಮನೆಯ ಒಳ್ಳೇ ಅರ್ಥಿಂಗ್ ಗುಂಡಿ ಇದ್ದರೂ ಮಣ್ಣಿನ ಮೂಲಕ ದೊಡ್ಡ ಎಂಸಿಬಿಯನ್ನು ತಕ್ಷಣ ಬೀಳಿಸುವಷ್ಟು ಕರೆಂಟ್ ಹರಿಯುವುದು ಕಷ್ಟ. ಮನುಷ್ಯರನ್ನು ಕಾಯುವುದು 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ನಮ್ಮಲ್ಲಿ ಸೋರುತ್ತಿದ್ದದ್ದು ಅದರ 200 ಪಟ್ಟು. ಲೈನ್ ಅದರ ಕೆಳಗೇ ಇದ್ದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಆಗುತ್ತಿತ್ತು.

ನೆಲ ಅಗೆದಾಗ ಇನ್ನೊಂದು ಕಂಡಿತು. ಕೇಬಲ್ ಹೋಗಿದ್ದದ್ದು ಗೇಣುದ್ದ ಆಳದಲ್ಲಿ, ತೆಳು ಪಿವಿಸಿ ಪೈಪಿನೊಳಗೆ. ಗುದ್ದಲಿ ಏಟು ಒಂದು ಬಿದ್ದರೆ ಸಾಕಿತ್ತು. ಅಡಿಕೆ ಗಿಡದ ಬುಡ ಬಿಡಿಸುವವರು ಅಲ್ಲೇ ಓಡಾಡುತ್ತಾರೆ, ದೇವರೇ ಕಾಪಾಡಿದ.

ಈಗ ಬೇರೆಯವರಿಂದ ಪೂರ್ತಿ ಹೊಸದಾಗಿ ಮಾಡಿಸಿದ್ದೇವೆ. ಮೂರು ಕೋರಿನ (ಒಳಗೆ ಮೂರು ವೈರ್ ಇರುವ) 10 ಸ್ಕ್ವೇರ್ ಎಂಎಂ ತಾಮ್ರದ ಆರ್ಮರ್ಡ್ ಕೇಬಲ್, ಎರಡೂವರೆ ಅಡಿ ಆಳ, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ. ಮೂರನೇ ಕೋರ್ ಮನೆಯ ಮುಖ್ಯ ಅರ್ಥ್‌ಗೆ, ಕೇಬಲಿನ ಉಕ್ಕಿನ ಕವಚವೂ ಅದಕ್ಕೇ. ಶೆಡ್ಡಿನಲ್ಲೇ ಒಂದು ಸಣ್ಣ ಬೋರ್ಡು, ಅದರಲ್ಲಿ ಮೇನ್ ಸ್ವಿಚ್, ಚಾರ್ಜರಿಗೆ ಒಂದು ಆರ್‌ಸಿಸಿಬಿ, ಲೈಟು ಪ್ಲಗ್ಗಿಗೆ ಬೇರೆ ಆರ್‌ಸಿಸಿಬಿ ಮತ್ತು 6 ಆಂಪಿಯರ್, 16 ಆಂಪಿಯರ್ ಎಂಸಿಬಿಗಳು. ಖರ್ಚು ಮೊದಲಿನದಕ್ಕಿಂತ ಜಾಸ್ತಿಯೇ ಆಯಿತು. ಕೊಟೇಶನ್ ಕಡಿಮೆ ಇದ್ದರೆ ಎರಡು ವೈರಾ ಮೂರು ವೈರಾ ಅಂತ ಮೊದಲು ಕೇಳಿ, ಬರೆದುಕೊಡಿ ಅನ್ನಿ. ಮಣ್ಣು ಮುಚ್ಚುವ ಮುಂಚೆ ಕೇಬಲಿನ ಫೋಟೋ ತೆಗೆದಿಟ್ಟುಕೊಳ್ಳಿ.

ಈಗಾಗಲೇ ಶೆಡ್ಡಿಗೋ ಕೊಟ್ಟಿಗೆಗೋ ಪಂಪ್ ಮನೆಗೋ ಲೈನ್ ಇದ್ದರೆ ಇವತ್ತೇ ಒಂದು ಕೆಲಸ ಮಾಡಿ. ಮನೆಯ ಆರ್‌ಸಿಸಿಬಿಯಲ್ಲಿ ಟಿ ಅಂತ ಬರೆದ ಬಟನ್ ಇರುತ್ತೆ, ಅದನ್ನು ಒತ್ತಿ. ಅದು ಬಿದ್ದ ಮೇಲೆ ಶೆಡ್ಡಿಗೆ ಹೋಗಿ ಲೈಟ್ ಹಾಕಿ ನೋಡಿ. ಉರಿದರೆ, ಶೆಡ್ಡಿನಲ್ಲೇ ಬೇರೆ ಆರ್‌ಸಿಸಿಬಿ ಇಲ್ಲದಿದ್ದರೆ, ನಿಮ್ಮದೂ ನಮ್ಮ ಹಾಗೇ ಇದೆ ಅಂತ ಅರ್ಥ. ಸುಮ್ನೆ ಬಿಡಬೇಡಿ. ಇನ್ನೊಂದು, ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್ ಇನ್ವರ್ಟರ್ ಪ್ಲಗ್ ಸಮೇತ ತೆಗೆದು ಮೀಟರಿನ ಕೆಂಪು ಲೈಟ್ ನೋಡಿ. ಆಗಲೂ ಪಟಪಟ ಮಿನುಗುತ್ತಿದ್ದರೆ ಕರೆಂಟ್ ಎಲ್ಲೋ ಹೋಗುತ್ತಿದೆ, ಮೇನ್ ಆಫ್ ಮಾಡಿ ಗೊತ್ತಿದ್ದವರನ್ನು ಕರೆಸಿ.

ಆ ಕಂಟ್ರಾಕ್ಟರ್ ಮೇಲೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಬರೆದು ದೂರು ಕೊಟ್ಟಿದ್ದೇವೆ. ಬಿಲ್ಲು, ಸುಟ್ಟ ವೈರ್ ತುಂಡು, ಬಿಚ್ಚಿದ ಬೋರ್ಡಿನ ಫೋಟೋ ಎಲ್ಲ ಜೊತೆಗಿಟ್ಟಿದ್ದೇವೆ. ಅವರ ಹುಡುಗರು ನಮ್ಮ ಸುತ್ತಮುತ್ತ ಇನ್ನೂ ಹಲವು ಶೆಡ್ಡುಗಳಿಗೆ ಲೈನ್ ಎಳೆದಿದ್ದಾರೆ. ಗೊತ್ತಿರುವ ಮನೆಗಳಿಗೆ ನಾನೇ ಹೋಗಿ ಹೇಳಿ ಬರುತ್ತಿದ್ದೇನೆ.