ಪೆರೋವ್‌ಸ್ಕೈಟ್ ಸೆಲ್‌ಗೆ ತೇವದಿಂದ ರಕ್ಷಣೆ: ಮೇಲ್ಪದರವೋ, ಕಾರ್ಬನ್ನೋ, ಗಾಜೋ?

ಪೆರೋವ್‌ಸ್ಕೈಟ್ ಎಂಬ ಹರಳಿನ ಪದರದಿಂದ ಬೆಳಕನ್ನು ವಿದ್ಯುತ್ ಮಾಡುವ ಸೌರ ಸೆಲ್ಲನ್ನು ತೇವದಿಂದ ಕಾಪಾಡಲು ಮೇಲ್ಪದರ, ಕಾರ್ಬನ್ ಎಲೆಕ್ಟ್ರೋಡ್, ಗಾಜಿನ ಮುಚ್ಚಿಗೆ, ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಮೊದಲು ಸೆಲ್ಲನ್ನೇ ನೋಡಿ. ಕಪ್ಪಗಿದ್ದ ಪದರ ಅಂಚಿನಿಂದ ಹಳದಿಯಾಗುತ್ತಿದ್ದರೆ, ನೀರಾವಿ ಒಳಹೊಕ್ಕು ಪೆರೋವ್‌ಸ್ಕೈಟ್ ಒಡೆದು ಹಳದಿ ಲೆಡ್ ಅಯೋಡೈಡ್ ಉಳಿದಿದೆ ಎಂದರ್ಥ.

ದಕ್ಷತೆಯೇ ಮುಖ್ಯ ಅಂದ್ರೆ ಫಿನೆಥೈಲ್‌ಅಮೋನಿಯಂ ಅಯೋಡೈಡ್ ಎಂಬ ಉಪ್ಪಿನ ತೆಳು ಮೇಲ್ಪದರ ಹಾಕಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕರಗಿಸಿ ಮೇಲೆ ಸ್ಪಿನ್ ಮಾಡಿದರೆ (ಸೆಲ್ಲನ್ನು ವೇಗವಾಗಿ ತಿರುಗಿಸಿ ದ್ರಾವಣ ಹರಡಿದರೆ) ಸಾಕು. ಮೇಲ್ಮೈಯ ದೋಷಗಳು ಮುಚ್ಚಿ ವೋಲ್ಟೇಜ್ ಏರುತ್ತದೆ, ತೇವವೂ ಅಷ್ಟು ಬೇಗ ಇಳಿಯುವುದಿಲ್ಲ. ಆದರೆ ದಪ್ಪ ಜಾಸ್ತಿಯಾದರೆ ಕರೆಂಟ್‌ಗೇ ಅಡ್ಡ. ಇನ್ನೊಂದು ಮಾತು, ಅದರ ಮೇಲೆ ಲಿಥಿಯಂ ಉಪ್ಪು ಬೆರೆಸಿದ ಸ್ಪೈರೋ (ಧನ ವಿದ್ಯುದಾವೇಶವನ್ನು ಎಲೆಕ್ಟ್ರೋಡ್‌ಗೆ ಸಾಗಿಸುವ ಸಾವಯವ ವಸ್ತು) ಹಾಕಿದರೆ ಪಟ್ಟ ಕಷ್ಟ ಅರ್ಧ ವ್ಯರ್ಥ, ಯಾಕಂದ್ರೆ ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ಒದ್ದೆಯಾಗುತ್ತಲ್ಲ, ಹಾಗೇ ಆ ಲಿಥಿಯಂ ಉಪ್ಪೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ಖರ್ಚು ಕಮ್ಮಿ ಇರಬೇಕು, ಸೆಲ್ ಬಹಳ ದಿನ ನಿಲ್ಲಬೇಕು ಅಂದ್ರೆ ಕಾರ್ಬನ್ ಎಲೆಕ್ಟ್ರೋಡ್. ಎಲೆಕ್ಟ್ರೋಡ್‌ಗೆ ಚಿನ್ನ ಬೇಡ, ಅದನ್ನು ಕೂರಿಸುವ ವ್ಯಾಕ್ಯೂಮ್ ಬೇಡ, ಪೇಸ್ಟನ್ನು ಪ್ರಿಂಟ್ ಮಾಡಿದರಾಯಿತು, ಸ್ಪೈರೋ ಪದರವನ್ನೂ ಬಿಡಬಹುದು. ದಪ್ಪ ಕಾರ್ಬನ್ ನೀರನ್ನು ತಡೆಯುತ್ತದೆ. ದಕ್ಷತೆ ಮಾತ್ರ ಸಾಮಾನ್ಯವಾಗಿ ಚಿನ್ನದ ಸೆಲ್‌ಗಿಂತ ಕಮ್ಮಿ.

ಗಾಜಿನ ಮುಚ್ಚಿಗೆ ದಕ್ಷತೆ ಏರಿಸುವುದಿಲ್ಲ, ತೂಕ ಏರಿಸುತ್ತದೆ. ಆದರೂ ಮಾಡ್ಯೂಲ್ (ಸೆಲ್‌ಗಳನ್ನು ಜೋಡಿಸಿದ ಫಲಕ) ಚಾವಣಿ ಮೇಲೆ ಹೋಗುವುದಾದರೆ ಇದನ್ನು ಬಿಡಲೇಬೇಡಿ: 85 ಡಿಗ್ರಿ ಸೆಲ್ಸಿಯಸ್, 85% ತೇವಾಂಶದಲ್ಲಿ 1000 ಗಂಟೆಯ ಪರೀಕ್ಷೆ ಇದಿಲ್ಲದೆ ದಾಟುವುದು ಬಹಳ ಕಷ್ಟ. ಅಂಚಿಗೆ ಬ್ಯುಟೈಲ್ ರಬ್ಬರ್ ಹಾಕಿ. ಒಳಗೆ ಇವಿಎ (ಸೆಲ್ಲನ್ನು ಗಾಜಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಬದಲು ಪಾಲಿಯೋಲೆಫಿನ್ ಹಾಳೆ ಇರಲಿ, ಇವಿಎ ಕಾದಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಲ್ಯಾಬ್‌ನಲ್ಲಿ ಎರಡು ವಾರದ ಅಳತೆಗಾದರೆ ಸುಮ್ನೆ ಇಷ್ಟೆಲ್ಲ ಬೇಡ, ಮೇಲ್ಪದರ ಸಾಕು.