ಚಿತ್ರೋತ್ಸವ, ಫಿಲ್ಮ್ ಸೊಸೈಟಿ, ಮನೆಯ ಟಿವಿ: ಯಾವ ಸಿನಿಮಾವನ್ನು ಎಲ್ಲಿ ನೋಡುವುದು?

ಹೊರದೇಶದ ಒಳ್ಳೆಯ ಸಿನಿಮಾ ಸಿಗುವುದಿಲ್ಲ ಎಂದು ಗೊಣಗುವ ಕಾಲ ಮುಗಿಯಿತು. ಈಗಿನ ಕಷ್ಟ ಬೇರೆಯೇ: ಸಿಕ್ಕಿದ್ದನ್ನು ಕೊನೆಯವರೆಗೂ ಕುಳಿತು ನೋಡುವುದು. ಬೆಂಗಳೂರಿನಲ್ಲಿದ್ದುಕೊಂಡು ಚಿತ್ರೋತ್ಸವ, ಫಿಲ್ಮ್ ಸೊಸೈಟಿ (ಸದಸ್ಯರು ಒಟ್ಟಾಗಿ ಸಿನಿಮಾ ನೋಡಿ ಚರ್ಚಿಸುವ ಸಂಘ), ಮನೆಯ ಟಿವಿ ಮೂರಕ್ಕೂ ವರ್ಷಗಟ್ಟಲೆ ದುಡ್ಡು ಸುರಿದವನು ನಾನು. ಇವುಗಳಲ್ಲಿ ಯಾವುದು ಮೇಲು ಎಂದು ಯಾರಾದರೂ ಕೇಳಿದರೆ, ಯಾವ ಸಿನಿಮಾಕ್ಕೆ ಎಂದು ಮರುಪ್ರಶ್ನೆ ಹಾಕುತ್ತೇನೆ.

ಬೆಲ್ಜಿಯಂನ ನಿರ್ದೇಶಕಿ ಶಾಂತಾಲ್ ಅಕರ್ಮನ್ ಅವರ ‘ಜಾನ್ ಡೀಲ್‌ಮನ್’ (1975) ಚಿತ್ರವನ್ನೇ ತೆಗೆದುಕೊಳ್ಳಿ. ‘ಸೈಟ್ ಆ್ಯಂಡ್ ಸೌಂಡ್’ ಎಂಬ ಬ್ರಿಟಿಷ್ ಸಿನಿಮಾ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಚಿತ್ರ ಯಾವುದೆಂದು 2022ರಲ್ಲಿ ನಡೆಸಿದ ವಿಮರ್ಶಕರ ಮತದಾನದಲ್ಲಿ ಮೊದಲ ಸ್ಥಾನ ಪಡೆದ ಚಿತ್ರ ಇದು. 201 ನಿಮಿಷ. ಬ್ರಸೆಲ್ಸ್‌ನ ಒಬ್ಬ ವಿಧವೆಯ ಮೂರು ದಿನಗಳ ಮನೆಗೆಲಸ. ಕ್ಯಾಮೆರಾ ಇಟ್ಟ ಜಾಗದಿಂದ ಕದಲುವುದಿಲ್ಲ. ಮನೆಯಲ್ಲಿ ನೋಡಲು ಕುಳಿತಾಗ, ಅವಳು ಪಾತ್ರೆ ತೊಳೆಯುತ್ತಿರುವಷ್ಟರಲ್ಲಿ ನಾನು ಎದ್ದು ನಮ್ಮ ಮನೆಯ ಪಾತ್ರೆ ತೊಳೆದು ಬಂದೆ. ಸಿನಿಮಾ ಅಲ್ಲೇ ನಿಂತಿತ್ತು, ಅಲ್ಲೇ ಉಳಿಯಿತು.

ಅದನ್ನೇ ಮುಂದೆ ಒಂದು ಸೊಸೈಟಿಯ ಪ್ರದರ್ಶನದಲ್ಲಿ ನೋಡಿದೆ. ಎರಡನೆಯ ದಿನ ಅವಳ ಆಲೂಗಡ್ಡೆ ಅತಿಯಾಗಿ ಬೆಂದುಹೋಗುತ್ತದೆ. ಪಾತ್ರೆ ಹಿಡಿದುಕೊಂಡು, ಎಲ್ಲಿಡಬೇಕೆಂದು ತೋಚದೆ, ಆಕೆ ಅಡುಗೆಮನೆಗೂ ಹೊರಗೂ ಅಲೆಯುತ್ತಾಳೆ. ಅಷ್ಟೇ. ಆದರೆ ಅಲ್ಲಿಯವರೆಗೆ ಅವಳ ಅಚ್ಚುಕಟ್ಟನ್ನು ತಾಸುಗಟ್ಟಲೆ ನೋಡಿದ್ದ ನಮಗೆ ಅದು ಅಪಘಾತದಂತೆ ಕಂಡಿತು. ನನ್ನ ಹಿಂದಿನ ಸಾಲಿನಲ್ಲಿ ಯಾರೋ ‘ಅಯ್ಯೋ’ ಎಂದರು. ಎದ್ದು ಹೋಗಲು ಸಂಕೋಚವಾಗುವ ಜಾಗದಲ್ಲಿ ಕೂರಿಸಿದರೆ ಮಾತ್ರ ಕೈಗೆ ಬರುವ ಸಿನಿಮಾಗಳಿವೆ. ನಿಧಾನವೇ ಜೀವವಾಗಿರುವ ಇಂಥ ಚಿತ್ರಗಳ ಮಟ್ಟಿಗೆ ಮನೆಯ ಟಿವಿ, ಅದು ಎಷ್ಟೇ ಇಂಚಿನದಾಗಿರಲಿ, ಸೋತಂತೆಯೇ.

ಚಿತ್ರೋತ್ಸವದಲ್ಲೂ ಕತ್ತಲೆಯಿದೆ, ಜನರಿದ್ದಾರೆ, ಪರದೆ ಸೊಸೈಟಿಗಿಂತ ದೊಡ್ಡದು, ಧ್ವನಿಯಂತೂ ಹೋಲಿಸಲಾಗದಷ್ಟು ಚೆನ್ನ. ಕರ್ನಾಟಕ ಚಲನಚಿತ್ರ ಅಕಾಡೆಮಿಯ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಇತ್ತೀಚಿನ ವರ್ಷಗಳಲ್ಲಿ ಪ್ರತಿನಿಧಿ ಶುಲ್ಕ 800 ರೂಪಾಯಿ, ವಿದ್ಯಾರ್ಥಿಗಳಿಗೂ ಫಿಲ್ಮ್ ಸೊಸೈಟಿ ಸದಸ್ಯರಿಗೂ ಅದರರ್ಧ. ಒಂದು ವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ನೋಡಬಹುದು ಎಂದಾದರೆ ಇದಕ್ಕಿಂತ ಅಗ್ಗದ ಸಿನಿಮಾ ಊರಿನಲ್ಲೇ ಇಲ್ಲ. ತೊಂದರೆ ಇರುವುದೂ ಅಲ್ಲೇ. ದಿನಕ್ಕೆ ನಾಲ್ಕು ಚಿತ್ರ ನುಂಗಿದವನಿಗೆ ಮೂರನೆಯ ದಿನದ ಹೊತ್ತಿಗೆ ಅಜೀರ್ಣ ಶುರು. ಜಾರ್ಜಿಯಾದ ಹುಡುಗಿ, ರುಮೇನಿಯಾದ ಅಜ್ಜಿ ಇಬ್ಬರೂ ಒಂದೇ ಕತೆಯೊಳಗೆ ಬಂದು ಕೂರುತ್ತಾರೆ. ಯಾವ ಉತ್ಸವಕ್ಕೆ ಹೋದರೂ ಬೇಕಾದ ಎರಡು ಚಿತ್ರಗಳು ಒಂದೇ ಹೊತ್ತಿಗೆ ಇರುತ್ತವೆ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಬಾಗಿಲು ಮುಟ್ಟುವಾಗ ಸೀಟು ಭರ್ತಿಯಾಗಿರುತ್ತದೆ. ಈಗ ನಾನು ದಿನಕ್ಕೆ ಎರಡೇ ನೋಡುತ್ತೇನೆ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಗೆದ್ದದ್ದನ್ನು ಬೇಕೆಂದೇ ಬಿಡುತ್ತೇನೆ. ಅದು ಹೇಗೂ ಕೆಲವು ತಿಂಗಳಲ್ಲಿ ಮೊಬೈಲಿಗೇ ಬರುತ್ತದೆ, ಸಾಲೂ ಅದಕ್ಕೇ ಉದ್ದ.

ಅದರ ಬದಲು ಕನ್ನಡದ ವಿಭಾಗಕ್ಕೆ ಹೋಗಿ. ನಮ್ಮ ಸ್ವತಂತ್ರ ಚಿತ್ರಗಳ ಪಾಡು ಹೇಗಿದೆಯೆಂದರೆ, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು, ನಮ್ಮ ಚಿತ್ರಮಂದಿರಕ್ಕೆ ಬಂದದ್ದು 2024ರ ಜೂನ್‌ನಲ್ಲಿ. ಇಂಥವು ಉತ್ಸವದಲ್ಲಿ ತಪ್ಪಿದರೆ ಮತ್ತೆ ಯಾವಾಗ ಸಿಗುತ್ತವೋ ಹೇಳಲಾಗದು.

ಹೊಸತನದಲ್ಲಿ ಸೊಸೈಟಿಗಳು ಹಿಂದೆ. 1971ರಲ್ಲಿ ಹುಟ್ಟಿದ ಬನಶಂಕರಿಯ ಸುಚಿತ್ರಾ, ಹೆಗ್ಗೋಡಿನಲ್ಲಿ 1973ರಲ್ಲಿ ಶುರುವಾದ ನೀನಾಸಂ ಚಿತ್ರಸಮಾಜ, ಇವೆಲ್ಲ ಬೆಳೆದದ್ದು ಬೇರೆಲ್ಲೂ ನೋಡಲು ದಾರಿಯೇ ಇಲ್ಲದ ದಿನಗಳಲ್ಲಿ. ಆ ಕೊರತೆ ಇಂದು ಇಲ್ಲ. ಆದರೂ ಸೊಸೈಟಿಯಲ್ಲಿ ಉಳಿದಿರುವುದು ಸಿನಿಮಾ ಮುಗಿದ ಮೇಲಿನ ಅರ್ಧ ಗಂಟೆಯ ಚರ್ಚೆ. ಕೆಲವೊಮ್ಮೆ ಅದು ಒಬ್ಬರೇ ಹಿರಿಯರ ಭಾಷಣವಾಗಿ ತಲೆ ತಿನ್ನುವುದುಂಟು, ಒಪ್ಪುತ್ತೇನೆ. ಕೆಲವೊಮ್ಮೆ ಮಾತ್ರ ಪಕ್ಕದ ಕುರ್ಚಿಯವರು, ನಾವು ನೋಡಿಯೂ ನೋಡದ ಒಂದು ಬಾಗಿಲನ್ನೋ ಒಂದು ಶಬ್ದವನ್ನೋ ಎತ್ತಿ ತೋರಿಸಿಬಿಡುತ್ತಾರೆ. ನಾನು ಸದಸ್ಯನಾಗಿದ್ದ ಒಂದು ಕಡೆ ಪ್ರೊಜೆಕ್ಟರ್ ಎಷ್ಟು ಮಂಕಾಗಿತ್ತೆಂದರೆ ರಾತ್ರಿಯ ದೃಶ್ಯಗಳನ್ನು ಊಹಿಸಿಕೊಳ್ಳಬೇಕಿತ್ತು. ಹಿಮದ ಮೇಲೆ ಬಿಳಿ ಸಬ್‌ಟೈಟಲ್ ಬಂದರಂತೂ ಮುಗಿಯಿತು.

ಸಬ್‌ಟೈಟಲ್ ವಿಷಯಕ್ಕೆ ಬಂದರೆ ಮನೆ ಗೆಲ್ಲುತ್ತದೆ. ಹೊರದೇಶದ ಚಿತ್ರ ನಮಗೆ ಬರುವುದು ಇಂಗ್ಲಿಷ್ ಅಕ್ಷರಗಳೊಂದಿಗೆ. ನನ್ನ ಅಮ್ಮನಿಗೆ ಅವನ್ನು ಆ ವೇಗದಲ್ಲಿ ಓದಲಾಗದು. ಇರಾನಿನ ನಿರ್ದೇಶಕ ಕಿಯರೋಸ್ತಮಿ ಅವರ ‘ವೇರ್ ಈಸ್ ದಿ ಫ್ರೆಂಡ್ಸ್ ಹೌಸ್’ (1987) ಚಿತ್ರವನ್ನು ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ, ಕನ್ನಡದಲ್ಲಿ ಹೇಳುತ್ತಾ ತೋರಿಸಿದೆ. ಗೆಳೆಯನ ನೋಟ್‌ಬುಕ್ ಕೊಡಲು ಓಡುತ್ತಿರುವ ಹುಡುಗನನ್ನು ಅಜ್ಜ ತಡೆದು ಸಿಗರೇಟು ತರಲು ಕಳಿಸುತ್ತಾನೆ. ಸಿಗರೇಟು ಅವನ ಬಳಿಯೇ ಇದೆ, ಹುಡುಗನಿಗೆ ಶಿಸ್ತು ಕಲಿಸಬೇಕಂತೆ. ‘ನಿನ್ನ ತಾತನೂ ಹೀಗೇ’ ಎಂದರು ಅಮ್ಮ. ಆಮೇಲೆ ನನ್ನ ಅನುವಾದ ಅವರಿಗೆ ಅಷ್ಟಾಗಿ ಬೇಕಾಗಲಿಲ್ಲ. ಸಭಾಂಗಣದಲ್ಲಿ ಹೀಗೆ ಪಿಸುಗುಟ್ಟಿದ್ದರೆ ಮುಂದಿನ ಸಾಲಿನವರು ತಿರುಗಿ ನೋಡುತ್ತಿದ್ದರು.

ಮನೆಯಲ್ಲಿ ನೋಡುವವರು ಟಿವಿಯ ಎರಡು ಸೆಟ್ಟಿಂಗ್‌ಗಳನ್ನು ಮೊದಲು ಸರಿಮಾಡಿಕೊಳ್ಳಬೇಕು. ಹಳೆಯ ಚೌಕಾಕಾರದ ಚಿತ್ರವನ್ನು ಅಗಲಕ್ಕೆ ಎಳೆದು ತೋರಿಸುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಎಲ್ಲರ ಮುಖವೂ ಊದಿಕೊಂಡಂತೆ ಕಾಣುತ್ತದೆ. ಚಲನೆಯನ್ನು ನುಣುಪುಗೊಳಿಸುವ ಸೌಲಭ್ಯವನ್ನೂ ಆಫ್ ಮಾಡಿ. ಅದು ಎಂಥ ಚಿತ್ರವನ್ನೂ ಧಾರಾವಾಹಿಯಂತೆ ಮಾಡಿಬಿಡುತ್ತದೆ.

ಆಯ್ಕೆ ಹೆಚ್ಚಿದಷ್ಟೂ ನೋಡುವುದು ಕಡಿಮೆಯಾಗುತ್ತದೆ ಎನ್ನುವುದು ನನಗೆ ತಿಳಿದದ್ದು ಮುಬಿ ಎಂಬ ಆನ್‌ಲೈನ್ ಸಿನಿಮಾ ಸೇವೆಯಿಂದ. 2019ರಲ್ಲಿ ಅದು ಭಾರತಕ್ಕಾಗಿ ಸೇವೆ ಆರಂಭಿಸಿದಾಗ ದಿನಕ್ಕೊಂದು ಚಿತ್ರ, ಪ್ರತಿಯೊಂದಕ್ಕೂ 30 ದಿನಗಳ ಆಯುಷ್ಯ. ಹೊರಟುಹೋಗುತ್ತದಲ್ಲ ಎಂಬ ಆತಂಕದಲ್ಲೇ ಎಷ್ಟೋ ನೋಡಿ ಮುಗಿಸಿದೆ. 2020ರಲ್ಲಿ ದೊಡ್ಡ ಸಂಗ್ರಹವನ್ನೂ ತೆರೆದರು. ಅಂದಿನಿಂದ ‘ನೋಡಬೇಕಾದವು’ ಪಟ್ಟಿ ಉದ್ದವಾಗುತ್ತಲೇ ಇದೆ, ನಾನು ಮಾತ್ರ ಯಾವುದೋ ಹಳೆಯ ಹಾಸ್ಯಚಿತ್ರ ಹಾಕಿಕೊಂಡು ಮಲಗುತ್ತೇನೆ.

ಈ ಬಗೆಯ ಸಿನಿಮಾಕ್ಕೆ ಹೊಸಬರಾದರೆ ಸೊಸೈಟಿಯ ಸದಸ್ಯರಾಗಿ, ಉತ್ಸವದ ರಿಯಾಯಿತಿ ಅದರ ಜೊತೆಗೇ ಬರುತ್ತದೆ. ಬೆಂಗಳೂರಿನಿಂದ ದೂರವಿದ್ದು, ಹತ್ತಿರದಲ್ಲಿ ಸೊಸೈಟಿಯೂ ಇಲ್ಲದವರಿಗೆ ಮನೆಯಲ್ಲೇ ನೋಡುವ ಆನ್‌ಲೈನ್ ಸೇವೆಯ ಚಂದಾ ಬಿಟ್ಟರೆ ಗತಿಯಿಲ್ಲ. ಹಾಗಿದ್ದಲ್ಲಿ ವರ್ಷದ ಚಂದಾ ಬೇಡ, ಒಂದು ತಿಂಗಳಿನದು ಕಟ್ಟಿ, ನೋಡುವ ಆರು ಚಿತ್ರಗಳ ಹೆಸರನ್ನು ಕಟ್ಟುವ ಮೊದಲೇ ಬರೆದಿಟ್ಟುಕೊಳ್ಳಿ.