ದಾಳಿಂಬೆ ತೋಟದಲ್ಲಿ ಕೈಯಲ್ಲಿ ಹಿಡಿಯುವ ಗಾಳಿಮಾಪಕ: ಬಹುಕಾಲ ಬಳಸಿದ ಮೇಲೆ

ಈ ಗಾಳಿಮಾಪಕದ ಮೇಲೆ ನನ್ನ ದೂರು ಒಂದೇ, ಆದರೆ ಸಣ್ಣದಲ್ಲ. ಗಾಳಿ ಬರುವ ಕಡೆಗೆ ನೇರವಾಗಿ ಮುಖ ಮಾಡಿ ಹಿಡಿಯದಿದ್ದರೆ ವೇಗವನ್ನು ಕಡಿಮೆ ತೋರಿಸುತ್ತದೆ. ಹೆಚ್ಚು ತೋರಿಸಿದ್ದರೆ ಔಷಧಿ ಹೊಡೆಯುವುದನ್ನು ಮರುದಿನಕ್ಕೆ ಹಾಕಬಹುದಿತ್ತು. ಕಡಿಮೆ ತೋರಿಸಿದರೆ ಪೆಟ್ಟು ಬೀಳುವುದು ಪಕ್ಕದ ಹೊಲದವರಿಗೆ.

ನಮ್ಮದು ಹಿರಿಯೂರು ಕಡೆಯ ದಾಳಿಂಬೆ ತೋಟ. ಬದುವಿನ ಆಚೆ ಹಿಪ್ಪುನೇರಳೆ. ರಸ ಹೀರುವ ಪುಟ್ಟ ಕೀಟ ಥ್ರಿಪ್ಸ್‌ಗೆಂದು ನಾವು ಹೊಡೆದ ಕೀಟನಾಶಕ ತೇಲಿಹೋಗಿ ಆ ಸೊಪ್ಪಿನ ಮೇಲೆ ಕುಳಿತರೆ, ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದು ಹಸಿದು ಮೇಯುವ ರೇಷ್ಮೆಹುಳುಗಳು ತಟ್ಟೆಯಲ್ಲೇ ಸಾಯುತ್ತವೆ. ಒಂದು ಮನೆಯ ಇಡೀ ಬೆಳೆ ಹೋದಂತೆ. ಎರಡು ಸಾವಿರ ರೂಪಾಯಿಯೊಳಗೆ ಸಿಕ್ಕ ಈ ಪುಟ್ಟ ಫ್ಯಾನಿನ ಮಾಪಕವನ್ನು ಕೊಂಡದ್ದು ಅದಕ್ಕಾಗಿಯೇ.

ಹವಾಮಾನ ಕೇಂದ್ರದ ಕಂಬದ ಮೇಲೆ ತಿರುಗುವ ಬಟ್ಟಲಿನ ಮಾಪಕಕ್ಕೆ ಈ ತೊಂದರೆ ಇಲ್ಲ. ಬಟ್ಟಲಿನ ಕುಳಿಗೆ ಗಾಳಿ ಜೋರಾಗಿ ಒತ್ತುತ್ತದೆ, ಬೆನ್ನಿನ ಉಬ್ಬಿನ ಮೇಲೆ ಜಾರಿಹೋಗುತ್ತದೆ. ಹಾಗಾಗಿ ಯಾವ ದಿಕ್ಕಿನ ಗಾಳಿಗೂ ಅದು ಒಂದೇ ಕಡೆಗೆ ತಿರುಗುತ್ತದೆ. ಐರ್ಲೆಂಡಿನ ಥಾಮಸ್ ರಾಮ್ನಿ ರಾಬಿನ್ಸನ್ 1846ರಲ್ಲಿಯೇ ನಾಲ್ಕು ಬಟ್ಟಲಿನದನ್ನು ರೂಪಿಸಿದ್ದರು. ಫ್ಯಾನಿನ ಮಾದರಿ ಚೆನ್ನಾಗಿ ಒಗ್ಗುವುದು ಎಸಿಯ ಕೊಳವೆಗೆ, ಗಣಿಯ ಸುರಂಗಕ್ಕೆ, ಅಂದರೆ ಗಾಳಿ ಒಂದೇ ದಾರಿಯಲ್ಲಿ ಬರುವ ಜಾಗಕ್ಕೆ. ಬಯಲಿನಲ್ಲಿ ಬಳಸಿ ಎಂದು ಮಾರುವವರು ಇದನ್ನು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು.

ನನ್ನ ಸಿಟ್ಟು ಇಳಿದದ್ದು ಒಂದು ಎಳೆಯಿಂದ. ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ತಟ್ಟಿಯಿಂದ, ಗೂಡು ಬಿಡಿಸುವಾಗ ಉಳಿಯುವ ರೇಷ್ಮೆಯ ಜಾಳನ್ನು ಪಕ್ಕದ ಮನೆಯ ಅಕ್ಕ ಕೊಟ್ಟರು. ಅದನ್ನು ಹೊಸೆದು ಗೇಣುದ್ದದ ದಾರ ಮಾಡಿ ಮಾಪಕದ ನೆತ್ತಿಗೆ ಕಟ್ಟಿದ್ದೇನೆ. ಬೆಳಿಗ್ಗೆ ಬದುವಿನ ಮೇಲೆ ನಿಂತು ಕೈಯನ್ನು ಪಕ್ಕಕ್ಕೆ ಚಾಚುತ್ತೇನೆ, ಏಕೆಂದರೆ ಮೈಗೆ ಹತ್ತಿರ ಹಿಡಿದರೆ ಮೈಯೇ ಗಾಳಿಗೆ ಅಡ್ಡ. ದಾರ ಫ್ಯಾನಿನ ಹಿಂದಕ್ಕೆ ನೆಟ್ಟಗೆ ಹಾರುವವರೆಗೆ ಮಣಿಕಟ್ಟನ್ನು ನಿಧಾನವಾಗಿ ತಿರುಗಿಸುತ್ತೇನೆ. ಆಗ ಮಾಪಕ ಗಾಳಿಗೆ ಎದುರಾಗಿದೆ ಎಂದರ್ಥ. ಒಂದು ನಿಮಿಷ ಹಾಗೆಯೇ ಹಿಡಿದು ಸರಾಸರಿಯನ್ನೂ ಗರಿಷ್ಠವನ್ನೂ ಪಂಪ್‌ಹೌಸಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ದಾರ ಹಿಪ್ಪುನೇರಳೆಯ ಕಡೆಗೆ ಹಾರುತ್ತಿದ್ದರೆ ಅಂಕಿ ಎಷ್ಟೇ ಕಡಿಮೆಯಿರಲಿ, ಅಂದು ಆ ಬದಿಯ ಸಾಲುಗಳಿಗೆ ಪಂಪು ಹೊರುವುದಿಲ್ಲ. ದಿಕ್ಕು ಸರಿಯಿದ್ದು ವೇಗ ಗಂಟೆಗೆ 5ರಿಂದ 15 ಕಿಲೋಮೀಟರ್ ನಡುವೆ ಇದ್ದರೆ ಕೆಲಸ ಶುರು.

ಕೆಳಗಿನ ಮಿತಿ ಏಕೆ ಎಂದು ಹಲವರು ಕೇಳುತ್ತಾರೆ. ಎಲೆ ಅಲುಗದ ಮುಂಜಾವೇ ಔಷಧಿಗೆ ಪ್ರಶಸ್ತ ಎಂಬುದು ನಮ್ಮ ಕಡೆಯ ನಂಬಿಕೆ. ಆದರೆ ತಿಳಿಯಾದ ರಾತ್ರಿ ಕಳೆದ ಮೇಲೆ ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಪದರ ಇರುತ್ತದೆ. ತೀರಾ ಸಣ್ಣ ಹನಿಗಳು ಅಲ್ಲೇ ತೇಲುತ್ತಾ ನಿಂತು, ಆಮೇಲೆ ಎತ್ತಲಾದರೂ ಹೋಗುತ್ತವೆ. ಪರದೆಯ ಮೇಲೆ ಸೊನ್ನೆ ಕಂಡ ದಿನ ನಾನು ಬಿಸಿಲೇರುವುದನ್ನು ಕಾಯುತ್ತೇನೆ. ಈ ಮಾಪಕ ಕಲಿಸಿದ ಅತಿ ಬೆಲೆಬಾಳುವ ಪಾಠ ಅದು.

ಮೊಬೈಲಿನ ಹವಾಮಾನ ಸೂಚನೆಗೂ ಇದಕ್ಕೂ ತಾಳೆಯಾಗದಿದ್ದರೆ ಮಾಪಕ ಕೆಟ್ಟಿದೆ ಎಂದುಕೊಳ್ಳಬೇಡಿ. ಮುನ್ಸೂಚನೆಯ ವೇಗ ಸಾಮಾನ್ಯವಾಗಿ ಬಯಲಿನಲ್ಲಿ 10 ಮೀಟರ್ ಎತ್ತರದ್ದು. ಗಿಡಗಳ ನಡುವೆ ಎದೆಮಟ್ಟದಲ್ಲಿ ಗಾಳಿ ಅದಕ್ಕಿಂತ ನಿಧಾನ.

ಒಂದು ಕಿರಿಕಿರಿ ಉಳಿದಿದೆ: ಪ್ರತಿ ಸಲ ಆನ್ ಮಾಡಿದಾಗಲೂ ಸೆಕೆಂಡಿಗೆ ಮೀಟರ್ ಲೆಕ್ಕಕ್ಕೆ ಮರಳುತ್ತದೆ. ಗುಂಡಿ ಒತ್ತಿ ಬದಲಿಸಬೇಕು, ಇಲ್ಲವೇ 3.6ರಿಂದ ಗುಣಿಸಬೇಕು.

ಪಕ್ಕದಲ್ಲಿ ಹಿಪ್ಪುನೇರಳೆಯೋ ಜೇನುಪೆಟ್ಟಿಗೆಯೋ ಇರುವ ಬೆಳೆಗಾರರು ಇದನ್ನು ಧೈರ್ಯವಾಗಿ ಕೊಳ್ಳಿ, ದಾರವನ್ನು ಮಾತ್ರ ಮರೆಯದೆ ಕಟ್ಟಿ. ತಾರಸಿಯಲ್ಲಿ ನೆಟ್ಟು ದಿನವಿಡೀ ಗಾಳಿ ಅಳೆಯುವ ಆಸೆಯಿದ್ದರೆ ಇದು ಬೇಡ, ಇನ್ನಷ್ಟು ಹಣ ಕೂಡಿಸಿ ಬಟ್ಟಲಿನದನ್ನೇ ತನ್ನಿ.